ಪ್ರೆಸ್ಸಿನಡಿಯ ಊಟದ ಡಬ್ಬಿ

ಮೊನ್ನೆ ಮಚ್ಛೆ ಊರಿನ ನಮ್ಮ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರದ ಎಣ್ಣೆ ಕಾದ ವಾಸನೆ ಮೂಗಿಗೆ ಬಡಿಯಿತು. ಕೂಡಲೇ ನನ್ನ ನೆತ್ತಿ ಚುರುಗುಟ್ಟಿತು...

ನನ್ನ ಮೇಲಧಿಕಾರಿಯಾಗಿದ್ದ ಸರ್ ಖಾನಾಪುರದ ಬೀಡಿ ಎಂಬ ಊರಿನ ಕಡೆಯವರು. ಆಗ ನಮ್ಮ ಸಾಫ್ಟ್‌ವೇರ್ ವಿಭಾಗವೆಂದರೆ ಅವರು, ನಾನು ಮತ್ತು ಕೆಟ್ಟ ಫ್ಯಾನು. ಬರೆದ ಕೋಡ್ ಎರರ್ ಕೊಟ್ಟು ಬಿಲ್ಡ್ ಮುರಿದರೆ ಕುರ್ಚಿ ಒದೆಯುತ್ತಿದ್ದರು, ಕೀಬೋರ್ಡ್ ಗೋಡೆಗೆ ಅಪ್ಪಳಿಸುತ್ತಿದ್ದರು, ಮರಾಠಿಯಲ್ಲಿ ಶುರುಮಾಡಿದ ಬೈಗುಳವನ್ನು ಕನ್ನಡದಲ್ಲಿ ಮುಗಿಸುತ್ತಿದ್ದರು. ನಾನು ಅದನ್ನೆಲ್ಲ ನಕಲು ಮಾಡಿ ಕ್ಯಾಂಟೀನಿನಲ್ಲಿ ಪುಕ್ಕಟೆ ಚಹಾ ಗಿಟ್ಟಿಸುತ್ತಿದ್ದೆ. ದೇವರು ತಲೆಗೆ ಕೊಡಬೇಕಾದ್ದನ್ನೂ ನನ್ನ ಗಂಟಲಿಗೇ ಕೊಟ್ಟಿದ್ದಾನೆ. ಸರ್ ಹಿಂದಿನಿಂದ ಬಂದು ನೆತ್ತಿಗೊಂದು ಬಾರಿಸಿ, “ದನಿ ಇನ್ನೂ ದಪ್ಪ ತಗಿಯೋ, ನಕಲಿ” ಎನ್ನುತ್ತಿದ್ದರು.

ಒಮ್ಮೆ ಹೊಸ ಪ್ರೆಸ್ಸಿಗಾಗಿ ನಾವು ಬಳಸುವ ಸಿದ್ಧ ಕೋಡಿನ ಲೈಬ್ರರಿಯ ಹೊಸ ಆವೃತ್ತಿ ಹಾಕಿದ್ದೇ ತಡ, ಪರದೆ ತುಂಬ ಕೆಂಪು ಎರರ್. ಬಡಿದಾಡಿ ಒಂದೊಂದೇ ಸರಿಮಾಡಿದ ಮೇಲೆ ಕೊನೆಗೊಂದು ಉಳಿಯಿತು: ಪ್ರೆಸ್ಸಿನ ಬಾಯಿಗೆ ಕೈ ಹೋದರೆ ಯಂತ್ರ ನಿಲ್ಲಿಸುವ ಭಾಗದ್ದು. ಪ್ರೆಸ್ಸನ್ನು ಒಯ್ಯಲು ಹೊರಗೆ ಲಾರಿ ಕಾಯುತ್ತಿತ್ತು. ಆ ಸಾಲುಗಳನ್ನು ಸದ್ಯ ಕಮೆಂಟ್ ಮಾಡಿ, ಯಂತ್ರ ಓದದಂತೆ ಮುಚ್ಚಿ ಕಳಿಸಿ, ಆಮೇಲೆ ನೋಡೋಣ ಎಂದರು ಮಾಲಕರು.

ಸರ್ ಹಾಗೇ ಮಾಡಿದರು. ಬಿಲ್ಡ್ ಆಯಿತು. ಅದನ್ನು ಪ್ರೆಸ್ಸಿಗೆ ಹಾಕಿ, ತಮ್ಮ ಊಟದ ಡಬ್ಬಿಯನ್ನು ಅದರ ಬಾಯಿಗಿಟ್ಟು ಗುಂಡಿ ಒತ್ತಿದರು. ನಿಲ್ಲಬೇಕಿದ್ದ ಯಂತ್ರ ಧಡ್ಡೆಂದು ಬಿತ್ತು. ಸ್ಟೀಲು, ರೊಟ್ಟಿ, ಎಣ್ಣೆಗಾಯಿ ಎಲ್ಲ ಒಂದೇ ತಗಡಾಯಿತು. ಮರುಗಳಿಗೆ ಸರ್ ಮಾಲಕರ ಮುಂಗೈ ಹಿಡಿದು ಪ್ರೆಸ್ಸಿನತ್ತ ಎಳೆದರು.

“ಈಗ ನಿಮ್ಮ ಕೈ ಇಡ್ರಿ. ಬರೇ ನಾಕ ಸಾಲ ಅಲ್ಲೇನ್ರಿ?”

ಮಾಲಕರು ಇನ್ನೊಂದು ಕೈಯಿಂದ ಸರ್ ಬಾಯಿಗೆ ಗುದ್ದಿದರು. ಸರ್ ಹಣೆಯಿಂದಲೇ ಅವರ ಮೂಗಿಗೆ ಗುದ್ದಿದರು. ನೆಲಕ್ಕೆ ರಕ್ತ ತೊಟ್ಟಿಕ್ಕಿತು. ಬಿಡಿಸಲು ಹೋದ ನನಗೂ ಎರಡು ಬಿದ್ದವು. ಯಾರವೆಂದು ಇವತ್ತಿಗೂ ಗೊತ್ತಿಲ್ಲ.

ಒಡೆದ ತುಟಿ ಒರೆಸಿಕೊಂಡು ಸರ್ ಮತ್ತೆ ಕುಳಿತರು. ಆ ಭಾಗವನ್ನು ಹೊಸದಾಗಿ ಬರೆದರು. ಈ ಸಲ ಪ್ರೆಸ್ಸು ಅರ್ಧಕ್ಕೇ ನಿಂತಿತು. ಅಡಿಯಲ್ಲಿ ಇದ್ದದ್ದು ಅವರದೇ ಕೈ. ಸಂಜೆಗೆ ಸರ್ ನೌಕರಿ ಹೋಯಿತು. ಆಮೇಲೆ ಖಾನಾಪುರ ರಸ್ತೆಯಲ್ಲಿ ಟಿಪ್ಪರ್ ಗುದ್ದಿ ತೀರಿಕೊಂಡರಂತೆ... ಪೀರನವಾಡಿಯ ಚಹಾದಂಗಡಿಯಲ್ಲಿ ಯಾರೋ ಹೇಳಿದರು.

ಮೊನ್ನೆ ಮತ್ತೆ ಹೊಸ ಆವೃತ್ತಿ, ಮತ್ತೆ ಅದೇ ಭಾಗದಲ್ಲಿ ಎರರ್. ಹೊಸದಾಗಿ ಸೇರಿದ ಸಹೋದ್ಯೋಗಿ ಕಮೆಂಟ್ ಮಾಡಿಬಿಡೋಣವೇ ಎಂದು ಕೇಳಿದಳು. ನಾನು ಬಾಯಿ ತೆರೆದರೆ ಸರ್ ದನಿ ಬಂತು: “ಮೊದಲ ನಿಮ್ಮ ಕೈ ಇಡ್ರಿ.”

ಯಾರೂ ನಗಲಿಲ್ಲ. ರೂಢಿಯಂತೆ ತಲೆ ತಗ್ಗಿಸಿದೆ. ನೆತ್ತಿಗೆ ಏಟು ಬೀಳಲಿಲ್ಲ.