ಬಾಣಂತಿಕೋಣೆಯ ಸಭೆ

ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕೋಣೆ ಇತ್ತು. ಅದರಲ್ಲಿ ಅರ್ಧ ನನ್ನದು, ಅರ್ಧ ಮುದ್ದಪ್ಪನದು. ನಾನು ಅರ್ಜಿ ಟೈಪ್ ಮಾಡುತ್ತಿದ್ದೆ. ಮುದ್ದಪ್ಪ ಮೊದಲು ವಕೀಲರ ಗುಮಾಸ್ತನಾಗಿದ್ದವನು, ಆಮೇಲೆ ಧರ್ಮದ ಟ್ರಸ್ಟುಗಳ ಕಾಗದಪತ್ರ ನೋಡಿಕೊಳ್ಳುವ ಕೆಲಸಕ್ಕೆ ಬಿದ್ದ. ಹೊಳಲ್ಕೆರೆಯಲ್ಲಿ ಒಂದು ಅರವಟ್ಟಿಗೆ, ಹಿರಿಯೂರಿನಲ್ಲಿ ಬಡ ಹುಡುಗರ ಊಟದ ಮನೆ, ಮಾಡದಕೆರೆ ಕಡೆ ಒಂದು ಬಾಣಂತಿಕೋಣೆ. ದುಡ್ಡಿದ್ದವರು ಟ್ರಸ್ಟು ಮಾಡಿ, ಹಾರ ಹಾಕಿಸಿಕೊಂಡು, ಫೋಟೊ ತೆಗೆಸಿಕೊಂಡು ಮನೆಗೆ ಹೋಗಿಬಿಡುವರು. ಆಮೇಲೆ ಸಭೆ ಕರೆಯುವವರು ಯಾರು, ನಡಾವಳಿ ಬರೆಯುವವರು ಯಾರು, ಆಡಿಟರರ ಮನೆಗೂ ತೆರಿಗೆ ಕಚೇರಿಗೂ ಚಪ್ಪಲಿ ಸವೆಸುವವರು ಯಾರು? ನಮ್ಮ ಮುದ್ದಪ್ಪ. ಎಲ್ಲ ಟ್ರಸ್ಟುಗಳ ಮೊಹರುಗಳೂ ಅವನ ರೆಕ್ಸಿನ್ ಚೀಲದಲ್ಲಿ. ಊಟಕ್ಕೆ ಕೂತರೂ ಚೀಲ ತೊಡೆಯ ಮೇಲೆ. ಅವನ ಹೆಂಡತಿ ಶಾಂತಕ್ಕ, "ಆ ಚೀಲಕ್ಕೇ ತಾಳಿ ಕಟ್ಟಬೇಕಿತ್ತು ನೀವು" ಅನ್ನುತ್ತಿದ್ದಳು.

ಅವನಿಗೆ ಎಲ್ಲಕ್ಕಿಂತ ಪ್ರೀತಿಯದು ಆ ಬಾಣಂತಿಕೋಣೆ. ಅಲ್ಲಿನ ಗೊಲ್ಲರಹಟ್ಟಿಯ ಹೆಣ್ಣುಮಕ್ಕಳು ಹೆರಿಗೆಯ ಸೂತಕ ಕಳೆಯುವ ತನಕ ಬೇಲಿಯ ಆಚೆ ಸೊಪ್ಪಿನ ಗುಡ್ಲಿನಲ್ಲಿ ಇರಬೇಕಿತ್ತು. ಮಳೆಯಾದರೂ ಅಲ್ಲೇ, ಚಳಿಯಾದರೂ ಅಲ್ಲೇ. ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಇದನ್ನು ಕಂಡು ಮರುಗಿ, ಬೇಲಿಯ ಹೊರಗೇ ಒಂದು ಹೆಂಚಿನ ಕೋಣೆ ಕಟ್ಟಿಸಿ ನರ್ಸಮ್ಮ ವೀರಮ್ಮಳನ್ನು ಇಟ್ಟರು. ಜಾಗ ಕೊಟ್ಟವನು ಹಟ್ಟಿಯ ದೇವರು ಜುಂಜಪ್ಪನ ಪೂಜಾರಿ ಜುಂಜಯ್ಯ. ಸಾಹುಕಾರರು, ಅವರ ಹೆಂಡತಿ ದಾಕ್ಷಾಯಣಮ್ಮ, ಜುಂಜಯ್ಯ, ಈ ಮೂವರೇ ಟ್ರಸ್ಟಿಗಳು. ಟ್ರಸ್ಟಿಗಳು ಊರಲ್ಲಿ ಕೂತು ಉಪ್ಪಿಟ್ಟು ತಿಂದು ಎದ್ದುಹೋಗಬಾರದು, ಬಾಣಂತಿಯರ ಕಷ್ಟ ಕಣ್ಣಾರೆ ನೋಡಬೇಕು ಎಂದು ಸಾಹುಕಾರರು ಟ್ರಸ್ಟಿನ ಪತ್ರದಲ್ಲೇ ಒಂದು ಷರತ್ತು ಬರೆಸಿದ್ದರು. ಸಭೆ ಆ ಕೋಣೆಯ ಒಳಗೇ ಸೇರಬೇಕು, ಟ್ರಸ್ಟಿಗಳೆಲ್ಲ ಹಾಜರಿರಬೇಕು.

ಪೂಜಾರಿ ಸೂತಕದ ಕೋಣೆಗೆ ಕಾಲಿಡುವುದುಂಟೇ? ಜುಂಜಯ್ಯ ಎದುರಿನ ಹೊಂಗೆಮರದ ಕೆಳಗೆ ಕಂಬಳಿ ಹಾಸಿ ಕೂರುತ್ತಿದ್ದ. ಮುದ್ದಪ್ಪ ಒಳಗಿನ ಮಾತನ್ನು ಹೊರಗೆ, ಹೊರಗಿನ ಮಾತನ್ನು ಒಳಗೆ ಮುಟ್ಟಿಸಿ ಬೆವರುತ್ತಿದ್ದ. ಕೊನೆಗೆ "ಸಭೆ ಕೋಣೆಯಲ್ಲಿ ಸೇರಿತು" ಎಂದು ಬರೆದು ಹೆಬ್ಬೆಟ್ಟು ಒತ್ತಿಸುತ್ತಿದ್ದ. ಅದು ಸುಳ್ಳೆಂದು ಅವನಿಗೂ ಅನ್ನಿಸಲಿಲ್ಲ, ಟೈಪ್ ಮಾಡುತ್ತಿದ್ದ ನನಗೂ ಅನ್ನಿಸಲಿಲ್ಲ.

ಎಪ್ಪತ್ತೇಳರಲ್ಲಿ ಸಾಹುಕಾರರು ತೀರಿಕೊಂಡರು. ಚೆಕ್ಕಿಗೆ ರುಜು ಮಾಡುತ್ತಿದ್ದವರು ಅವರೊಬ್ಬರೇ. ರುಜುವಿಗೆ ಹೊಸಬರನ್ನು ನೇಮಿಸುವ ತನಕ ಬ್ಯಾಂಕಿನವರು ಟ್ರಸ್ಟಿನ ಖಾತೆಯನ್ನು ನಿಲ್ಲಿಸಿದರು. ಮುದ್ದಪ್ಪ ಎಂದಿನಂತೆ ಸಭೆ ಮಾಡಿಸಿ ನಡಾವಳಿ ಒಪ್ಪಿಸಿದ. ಆದರೆ ಈ ಸಲ ಚಿತ್ರದುರ್ಗದಿಂದ ಬ್ಯಾಂಕಿನ ಅಧಿಕಾರಿಯೊಬ್ಬರು ತಾವೇ ಕೋಣೆ ನೋಡಲು ಬಂದರು. ಮರದಡಿ ಕೂತಿದ್ದ ಜುಂಜಯ್ಯನನ್ನು, "ಸಭೆ ಎಲ್ಲ ಒಳಗೇ ಮಾಡಿದಿರೇನಜ್ಜಾ?" ಎಂದು ಸುಮ್ಮನೆ ಕೇಳಿದರು.

ಮುದ್ದಪ್ಪ ಕಣ್ಣಲ್ಲೇ ಬೇಡಿಕೊಂಡ. ಜುಂಜಯ್ಯ ಅವನ ಕಡೆ ನೋಡಲೇ ಇಲ್ಲ. ಟ್ರಸ್ಟಿನ ಮಾನ ಹೆಚ್ಚಿಸುತ್ತಿದ್ದೇನೆ ಅಂದುಕೊಂಡು ಎದೆ ಸೆಟೆಸಿ ಹೇಳಿದ. "ಎಲ್ಲಾದರೂ ಉಂಟೇ ಸ್ವಾಮಿ! ನಾನು ಪೂಜಾರಿ. ಜುಂಜಪ್ಪನಾಣೆ, ಒಂದು ದಿನಾನೂ ಹೊಸಲು ದಾಟಿಲ್ಲ. ಇಲ್ಲೇ ಕುಂತಿರ್ತೀನಿ."

ಅಧಿಕಾರಿ ಒಳ್ಳೆಯವರೇ. "ಹಾಗಾದರೆ ಈ ನಡಾವಳಿ ನಡೆಯೋದಿಲ್ಲ. ಒಮ್ಮೆ ಇಬ್ಬರೂ ಒಳಗೆ ಕೂತು ಸಭೆ ಮಾಡಿ ಕಳಿಸಿ, ಸಾಕು" ಎಂದು ಹೇಳಿ ಜೀಪು ಹತ್ತಿದರು.

ಅದೊಂದೇ ಆಗಬೇಕಿತ್ತು, ಅದೊಂದೇ ಆಗಲಿಲ್ಲ. ಸಂಬಳ ನಿಂತ ಮೇಲೂ ವೀರಮ್ಮ ಬಹಳ ದಿನ ತಡೆದಳು. ಅವಳಿಗೂ ಸಂಸಾರವಿತ್ತು. ಹಿರಿಯೂರಿನ ನರ್ಸಿಂಗ್ ಹೋಮೊಂದಕ್ಕೆ ಸೇರಿಕೊಂಡು ಬೀಗದ ಕೈಯನ್ನು ಮುದ್ದಪ್ಪನಿಗೆ ಕೊಟ್ಟುಹೋದಳು. ಷರತ್ತು ಬದಲಾಯಿಸಬೇಕಾದರೆ ಕೋರ್ಟಿಗೆ ಹೋಗಬೇಕು, ವರ್ಷಗಳೇ ಹಿಡಿಯುತ್ತವೆ ಎಂದು ಚಿತ್ರದುರ್ಗದ ವಕೀಲರು ಕೈಚೆಲ್ಲಿದರು. ಅಷ್ಟರಲ್ಲಿ ಜುಂಜಯ್ಯನ ಮಗಳು ಜಯಕ್ಕ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು.

ಮುದ್ದಪ್ಪ ಹಟ್ಟಿಗೆ ಹೋಗಿ ಹೋಗಿ ಬಂದ. ಒಮ್ಮೆ ನಾನೂ ಜೊತೆಗಿದ್ದೆ. ಚಪ್ಪಲಿ ಹೊರಗೆ ಬಿಟ್ಟು, ಬೇಲಿಯ ಹತ್ತಿರ ಜುಂಜಯ್ಯನ ಕಾಲು ಹಿಡಿದುಬಿಟ್ಟ.

"ಪೂಜಾರಪ್ಪ, ಒಂದೇ ಒಂದು ಗಳಿಗೆ ಒಳಗೆ ಕುಂತು ಎದ್ದುಬರ್ರಿ. ನಿಮ್ಮ ಮಗಳಿಗಾದ್ರೂ ನರ್ಸಮ್ಮ ಬೇಡ್ವಾ?"

"ಜೀವ ಕೇಳು, ಕೊಡ್ತೀನಿ" ಅಂದ ಜುಂಜಯ್ಯ. "ಒಳಗೆ ಹೋದ ಮ್ಯಾಲೆ ದೇವರ ಮುಂದೆ ನಿಲ್ಲಾಕೆ ಆಗಂಗಿಲ್ಲ ಮುದ್ದಪ್ಪ. ಅಪ್ಪ, ಅಜ್ಜ ಮಾಡ್ಕಂಡು ಬಂದ ಪೂಜೆ ಐತೆ. ನಾನು ಬಿಡಾದೆಂಗೆ?"

ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಬರುವ ದಾರಿಯಲ್ಲಿ, "ಬಿಟ್ಟುಬಿಡು ಮಾರಾಯ, ನಿನ್ನ ಅಪ್ಪನ ಗಂಟೇನು ಹೋಯಿತು?" ಅಂದೆ. ಮುದ್ದಪ್ಪ ನಡುರಸ್ತೆಯಲ್ಲಿ ನಿಂತು ಕೂಗಾಡಿದ. "ಆ ಹುಡುಗಿ ಹೊಟ್ಟೆ ನೋಡಿದ್ಯಾ? ಆ ಸುಳ್ಳು ಬರ್ದಿದ್ದು ಈ ಕೈ ಕಣಯ್ಯ!" ಆಮೇಲೆ ಚೀಲ ತಬ್ಬಿಕೊಂಡು ಮೈಲಿಗಲ್ಲಿನ ಮೇಲೆ ಕೂತು ಅತ್ತ. ಗಡ್ಡ ಬೆಳೆಸಿಕೊಂಡ ಗಂಡಸು ಹಾಗೆ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಕೊನೆಗೆ ಬೀಗದ ಕೈಯನ್ನು ಜಯಕ್ಕನಿಗೇ ಕೊಟ್ಟ, ತಲೆಯ ಮೇಲೆ ಸೂರಾದರೂ ಇರಲಿ ಎಂದು. ಆದರೆ ಬರೀ ಗೋಡೆ ಹೆರಿಗೆ ಮಾಡಿಸೀತೇ?

ಆಶ್ವೀಜದ ಮಳೆಯಲ್ಲಿ ನೋವು ಕಾಣಿಸಿಕೊಂಡಿತು. ಹಳ್ಳ ತುಂಬಿ ಹೊಸದುರ್ಗದ ಆಸ್ಪತ್ರೆಗೆ ಗಾಡಿ ದಾಟಲಿಲ್ಲ. ಹೇಗೋ ದಾಟಿ ಬಂದ ಹಟ್ಟಿಯ ಆಳು ಸುದ್ದಿ ಮುಟ್ಟಿಸಿದಾಗ ಮಗುವಿನ ಕಾಲು ಮುಂದಾಗಿದೆ ಎಂದು ಗೊತ್ತಾಯಿತು. ನಾವಿಬ್ಬರೂ ಸಿಕ್ಕ ಬಸ್ಸಿಗೆ ಹಿರಿಯೂರಿಗೆ ಹೋದೆವು. ವೀರಮ್ಮ ಸಂಬಳದ ಮಾತೇ ಎತ್ತಲಿಲ್ಲ. ಹಾಕಿಕೊಂಡಿದ್ದ ಬಿಳಿ ಸೀರೆಯಲ್ಲೇ ಹೊರಟಳು. ಬಸ್ಸು ಎಲ್ಲೆಲ್ಲಿ ನಿಂತಿತೋ ಅಲ್ಲೆಲ್ಲ ಮುದ್ದಪ್ಪ ಡ್ರೈವರನಿಗೆ ಕೈಮುಗಿದ.

ಹಿರಿಯೂರು ಕಡೆಯ ದಾರಿಗೆ ಹಳ್ಳ ಅಡ್ಡವಿರಲಿಲ್ಲ. ನಾವು ತಲುಪಿದಾಗ ಮಧ್ಯಾಹ್ನ. ಕೋಣೆಯ ಮುಂದೆ ಹೆಂಗಸರು ಕೂತಿದ್ದರು. ಜುಂಜಯ್ಯ ಹೊಂಗೆಮರದಡಿ ತೊಯ್ದು ತೊಪ್ಪೆಯಾಗಿದ್ದ. ಮಗಳು ಕೂಗಿದ್ದನ್ನೆಲ್ಲ ಅಲ್ಲಿಂದಲೇ ಕೇಳಿಸಿಕೊಂಡಿದ್ದನಂತೆ.

ವೀರಮ್ಮ ಓಡಿದಳು. ಬಹಳ ಹೊತ್ತಾದ ಮೇಲೆ ಹೊಸಲಿಗೆ ಬಂದು, "ತಾಯಿ ಉಳಿದಳು" ಅಂದಳು. ಮಗುವಿನ ಮಾತು ಆಡಲಿಲ್ಲ.

ಜುಂಜಯ್ಯ ಎದ್ದ. ಕೊರಳಲ್ಲಿದ್ದ ದೇವರ ಭಂಡಾರದ ಚೀಲವನ್ನು ತೆಗೆದು ಪಕ್ಕದಲ್ಲಿದ್ದ ತನ್ನ ತಮ್ಮನ ಕೈಗೆ ಕೊಟ್ಟ. ನೆಟ್ಟಗೆ ನಡೆದು ಹೊಸಲು ದಾಟಿ, ಮಗಳ ಚಾಪೆಯ ಪಕ್ಕ ನೆಲದ ಮೇಲೆ ಕೂತ.

"ಮುದ್ದಪ್ಪ, ದಾಕ್ಷಾಯಣಮ್ಮಾರ್ನ ಕರೆಸ್ರಿ. ಒಳಗೇ ಕುಂತೀನಿ. ಬರ್ಕಳ್ರಿ ಈಗ."

ಜಯಕ್ಕ ಗೋಡೆಯ ಕಡೆ ತಿರುಗಿಕೊಂಡಳು. "ಇಷ್ಟೇ ದೂರ ಇತ್ತಲ್ಲಪ್ಪೋ" ಅಂದಳು. ಮರದಿಂದ ಕೋಣೆಗೆ ಹತ್ತು ಹೆಜ್ಜೆಯೂ ಇರಲಿಲ್ಲ. ಜುಂಜಯ್ಯ ಎದ್ದು ಹೋಗಲಿಲ್ಲ.

ಸಂಜೆಗೆ ಹಳ್ಳ ಇಳಿದ ಮೇಲೆ ದಾಕ್ಷಾಯಣಮ್ಮ ಬಂದರು. ಇನ್ನು ಮುಂದೆ ರುಜು ಅವರದೆಂದು ನಿರ್ಣಯವಾಯಿತು. ಮುಂದಿನ ತಿಂಗಳು ಖಾತೆ ಬಿಡುಗಡೆಯಾಗಿ ವೀರಮ್ಮ ಅಲ್ಲೇ ಉಳಿದಳು. ಆ ಕೋಣೆಯಲ್ಲಿ ಆಮೇಲೆ ಎಷ್ಟೋ ಮಕ್ಕಳು ಹುಟ್ಟಿದವು.

ಆ ದಿನದ ನಡಾವಳಿ ಮಾತ್ರ ಮುದ್ದಪ್ಪನ ಕೈಯಲ್ಲಿ ಬರೆಯಲಾಗಲಿಲ್ಲ. ಪೆನ್ನು ಹಿಡಿದು ಕೂತೇ ಇದ್ದ. ಅವನ ಕೈಯಿಂದ ಪೆನ್ನು ತೆಗೆದುಕೊಂಡು ನಾನೇ ಬರೆದೆ. ಸಭೆ ಕೋಣೆಯಲ್ಲಿ ಸೇರಿತು. ಟ್ರಸ್ಟಿಗಳೆಲ್ಲ ಹಾಜರಿದ್ದರು.