ಮನೆ ನೋಡಿ ಡಬ್ಬ ಇಳಿಸುವ ಅಕ್ಕ

ಬೆಳಗಿನ ಆರು ಗಂಟೆ. ಬೀದಿಯ ಅಂಗಡಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಕಂಪ್ಯೂಟರ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ನಲವತ್ತೆಂಟರ ಹೆಂಗಸೊಬ್ಬರು ಎರಡೂ ಕೈಗೆ ದಪ್ಪ ಉಣ್ಣೆಯ ಕೈಗವಸು ತೊಟ್ಟು, ತಮ್ಮದಲ್ಲದ ಹಳೆಯ ಕನ್ನಡಕವೊಂದನ್ನು ಮೂಗಿಗೇರಿಸಿ, ಕೀಬೋರ್ಡಿನ ಮುಂದೆ ಕೂತಿದ್ದಾರೆ. ಚಳಿಯೇನೂ ಇಲ್ಲ. ಅವರ ಕಣ್ಣಿಗೂ ದೋಷವಿಲ್ಲ. ಒಂದೊಂದೇ ಅಕ್ಷರ ಒತ್ತುತ್ತಾರೆ. ಒಂದರ ಬದಲು ಎರಡು ಬಿದ್ದರೆ ಲೊಚಗುಟ್ಟುತ್ತಾರೆ. ಮೌಸಿನ ಬಾಣ ಪರದೆಯ ಯಾವ ಮೂಲೆಯಲ್ಲಿ ಅಡಗಿದೆಯೆಂದು ಕತ್ತು ಚಾಚಿ ಹುಡುಕುತ್ತಾರೆ.

"ಎಪ್ಪತ್ತು ವರ್ಷದ ಬೆರಳಿಗೆ ಇದು ಹೇಗಿರುತ್ತೆ ಅಂತ ಗೊತ್ತಾಗ್ಬೇಕಲ್ಲ," ಅನ್ನುತ್ತಾರೆ, ಕೈಗವಸು ಕಳಚುತ್ತ. "ನನ್ನ ಬೆರಳು ಇನ್ನೂ ಗಟ್ಟಿಯಾಗಿದೆ. ಅದಕ್ಕೇ ಈ ವೇಷ."

ಅಂಗಡಿಯವರಿಗೂ ಗಿರಾಕಿಗಳಿಗೂ ಅವರು ಡಬ್ಬದಕ್ಕ. ಅಂಗಡಿಯ ಮೂರು ಚಕ್ರದ ಗೂಡ್ಸ್ ಗಾಡಿ ಓಡಿಸುವುದು, ಮಾರಾಟವಾದ ಕಂಪ್ಯೂಟರನ್ನು ಮನೆ ಮುಟ್ಟಿಸಿ, ವೈರು ಸಿಕ್ಕಿಸಿ, ಚಾಲೂ ಮಾಡಿ ಬರುವುದು ಅವರ ಕೆಲಸ. ದಿನಕ್ಕೆ ಆರೇಳು ಮನೆ. ಲಿಫ್ಟ್ ಇಲ್ಲದ ಕಟ್ಟಡಗಳೇ ಹೆಚ್ಚು. ಒಮ್ಮೆ ಹಟಕ್ಕೆ ಬಿದ್ದು ಎಣಿಸಿದಾಗ ಸಂಜೆಯ ಹೊತ್ತಿಗೆ ನಾನೂರ ಹನ್ನೆರಡು ಮೆಟ್ಟಿಲು ಹತ್ತಿದ್ದರಂತೆ. "ಆಮೇಲೆ ಎಣಿಸೋದು ಬಿಟ್ಟೆ. ಎಣಿಸಿದ ದಿನವೇ ಮಂಡಿ ಜಾಸ್ತಿ ನೋಯುತ್ತೆ," ಎಂದು ನಗುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದೆ ಇಲ್ಲಿಗೆ ಬಂದಿದ್ದು ಕಸ ಗುಡಿಸಲು. ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವರು; ಮಗಳು ಆಗಿನ್ನೂ ಅಂಬೆಗಾಲಿಡುತ್ತಿದ್ದಳು. ಒಂದು ದಿನ ಡ್ರೈವರ್ ಹೇಳದೆ ಕೇಳದೆ ಕೆಲಸ ಬಿಟ್ಟ. ಯಜಮಾನರು ತಲೆ ಮೇಲೆ ಕೈ ಹೊತ್ತು, "ಯಾರಾದ್ರೂ ಗಾಡಿ ಓಡಿಸ್ತೀರೇನ್ರಪ್ಪಾ?" ಎಂದು ತಮಾಷೆಗೆ ಕೂಗಿದರು. ಪೊರಕೆ ಕೆಳಗಿಟ್ಟು "ಕಲಿಸಿದ್ರೆ ಓಡಿಸ್ತೀನಿ ಸಾರ್" ಅಂದವರು ಇವರೊಬ್ಬರೇ. ಎರಡು ತಿಂಗಳಲ್ಲಿ ಲೈಸೆನ್ಸ್ ಕೈಗೆ ಬಂತು. ಬಾಗಿಲು ತೆರೆದವರು ಡಬ್ಬವನ್ನೂ ಇವರನ್ನೂ ನೋಡಿ "ಗಂಡಸರು ಯಾರೂ ಬರ್ಲಿಲ್ವಾ?" ಎಂದು ಕೇಳುವುದು ಇವತ್ತಿಗೂ ತಪ್ಪಿಲ್ಲ. "ಬರ್ತಾರೆ, ನಾನು ಜೋಡಿಸಿ ಹೋದ್ಮೇಲೆ ನೋಡೋಕೆ ಬರ್ತಾರೆ" ಅನ್ನುವುದು ಇವರ ಸಿದ್ಧ ಉತ್ತರ.

ವಯಸ್ಸಾದವರಿಗೆ ಯಾವ ಕಂಪ್ಯೂಟರ್ ಒಗ್ಗುತ್ತದೆ ಎಂಬುದನ್ನು ಯಾರೂ ಅವರಿಗೆ ಕಲಿಸಲಿಲ್ಲ. ವಾಪಸ್ ಬಂದ ಡಬ್ಬಗಳೇ ಕಲಿಸಿದವು. ಏಳು ವರ್ಷದ ಹಿಂದೆ ನಿವೃತ್ತ ಅಂಚೆಯವರೊಬ್ಬರ ಮನೆಗೆ ತೆಳ್ಳನೆಯ ಹೊಸ ಲ್ಯಾಪ್‌ಟಾಪ್ ಕೊಟ್ಟು ಬಂದಿದ್ದರು. ಮಗ ಇಷ್ಟಪಟ್ಟು ಆರಿಸಿದ್ದು. ವಾರದೊಳಗೆ ವಾಪಸ್ ತರಲು ಹೋದಾಗ ಆ ಅಜ್ಜ ತಪ್ಪು ಮಾಡಿದವರಂತೆ ನಿಂತಿದ್ದರು. "ಯಂತ್ರ ಚೆನ್ನಾಗೇ ಇದೆ ಕಣಮ್ಮಾ. ನನಗೇ ಬುದ್ಧಿ ಸಾಲದು" ಅಂದರು.

ಆ ಮಾತು ಡಬ್ಬದಕ್ಕನ ಎದೆಗೆ ನಾಟಿತು. "ನಲವತ್ತು ವರ್ಷ ಊರಿನ ಪ್ರತಿ ಮನೆ ಬಾಗಿಲು ಗುರುತಿಟ್ಟುಕೊಂಡವರು. ಅವರಿಗೆ ಬುದ್ಧಿ ಸಾಲದಾ? ಅಲ್ಲೇ ಕೂತು ಕೇಳಿದೆ, 'ಎಲ್ಲಿ ತೊಡಕಾಯ್ತು ಹೇಳಿ ಅಪ್ಪಾ' ಅಂತ. ಬಾಣ ಕಾಣಲ್ಲ ಅಂದ್ರು. ಅಷ್ಟೇ. ಬಾಣ ದೊಡ್ಡದು ಮಾಡೋಕೆ ಎರಡು ನಿಮಿಷ ಸಾಕಿತ್ತು. ಯಾರೂ ಕೇಳಿರ್ಲಿಲ್ಲ."

ಅವತ್ತಿನಿಂದ ವಾಪಸ್ ಬಂದ ಪ್ರತಿ ಡಬ್ಬದ ಮೇಲೂ ಕಾರಣವನ್ನು ಮಾರ್ಕರ್ ಪೆನ್ನಿನಲ್ಲಿ ಬರೆಯತೊಡಗಿದರು. ಗೋದಾಮಿನ ಗೋಡೆಯುದ್ದಕ್ಕೂ ಪೇರಿಸಿದ ಡಬ್ಬಗಳ ಮೇಲೆ ಅವರ ಉರುಟು ಅಕ್ಷರಗಳಿವೆ. 'ಸದ್ದು ಸಾಲದು.' 'ತೊಡೆ ಸುಡುತ್ತೆ.' 'ಕೈ ನಡುಗುತ್ತೆ, ಮೌಸ್ ಓಡುತ್ತೆ.' 'ಸೊಸೆ ಹೇಳಿಕೊಡುವಾಗ ರೇಗ್ತಾಳೆ.' ಒಳ್ಳೆಯ ಡಬ್ಬ ಹಾಳು ಮಾಡ್ತೀಯಲ್ಲ ಎಂದು ಯಜಮಾನರು ಮೊದಮೊದಲು ಹಾರಾಡಿದರು. ಒಂದು ಮಧ್ಯಾಹ್ನ ಬಿಡುವಿನಲ್ಲಿ ಸಾಲಾಗಿ ಕೊನೆಯವರೆಗೂ ಓದಿದರು. ಮರುದಿನ ಹೊಸ ಮಾರ್ಕರ್ ಪೆನ್ನು ತಂದುಕೊಟ್ಟರು.

ಇವತ್ತಿನ ಮೊದಲ ಮನೆ ಮೂರನೇ ಮಹಡಿಯಲ್ಲಿದೆ. ಶಾಲೆಯಲ್ಲಿ ಪಾಠ ಹೇಳುವ ಮಗಳೊಬ್ಬಳು ತಂದೆತಾಯಿಗೆಂದು ಕಂತಿನ ಮೇಲೆ ದುಬಾರಿ ಲ್ಯಾಪ್‌ಟಾಪ್ ಆರಿಸಿದ್ದಾಳೆ. ಡಬ್ಬದಕ್ಕ ಡಬ್ಬವನ್ನು ಗಾಡಿಯಲ್ಲೇ ಬಿಟ್ಟು ಬರಿಗೈಲಿ ಮೆಟ್ಟಿಲು ಹತ್ತುತ್ತಾರೆ. ಬಾಗಿಲಲ್ಲಿ ನಿಂತ ಮಗಳಿಗೆ ಅಚ್ಚರಿ.

"ಎಲ್ಲಿ ಅಕ್ಕಾ ಡಬ್ಬ?"

"ಮೊದಲು ಮನೆ ನೋಡ್ತೀನಿ ಟೀಚರಮ್ಮಾ. ಆಮೇಲೆ ಇಳಿಸ್ತೀನಿ."

ತಂದೆ ಬಸ್ ಡಿಪೋದಲ್ಲಿ ಬಸ್ಸುಗಳು ಬಂದು ಹೋಗುವ ಹೊತ್ತು ಬರೆದುಕೊಳ್ಳುವ ಕೆಲಸದಲ್ಲಿದ್ದವರು. ಪೇಪರು ಮಡಿಸಿ, "ನಮಗ್ಯಾಕಮ್ಮ ಇದೆಲ್ಲ? ನನಗೆ ಪೇಪರು ಸಾಕು, ರೇಡಿಯೋ ಸಾಕು" ಎಂದು ಕೈ ಆಡಿಸುತ್ತಾರೆ. "ಅಪ್ಪ ಹೀಗೇ," ಎಂದು ಮಗಳು ನಿಟ್ಟುಸಿರಿಡುತ್ತಾಳೆ. ತಾಯಿ ಮಾತ್ರ ಅಡುಗೆಮನೆಯ ಬಾಗಿಲಿಗೆ ಒರಗಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಾರೆ. ಕೈ ಒಣಗಿ ಎಷ್ಟೋ ಹೊತ್ತಾಗಿದೆ, ಒರೆಸುವುದು ನಿಂತಿಲ್ಲ.

ಡಬ್ಬದಕ್ಕನ ಕಣ್ಣಿಗೆ ಬಿದ್ದಿದ್ದು ಅದು. "ನಿಮಗೇನು ಬೇಕು ಅಮ್ಮಾ?" ಎಂದು ಕೇಳುತ್ತಾರೆ.

"ನನಗಾ? ನನಗೇನು ಬೇಕು?" ತಾಯಿ ಗಂಡನ ಮುಖ ನೋಡಿ, ಮಗಳ ಮುಖ ನೋಡಿ, ತಡೆದು ಹೇಳುತ್ತಾರೆ. "ನನ್ನ ಅಕ್ಕನಿಗೆ ಕಿವಿ ಪೂರ್ತಿ ಹೋಗಿದೆ. ಫೋನ್ ಮಾಡಿದ್ರೆ ಎರಡೂ ಕಡೆ 'ಹಲೋ ಹಲೋ' ಅಷ್ಟೇ. ಎಂಟು ತಿಂಗಳಾಯ್ತು ಅವಳ ಹತ್ರ ಮಾತಾಡಿ. ಅವಳ ಮೊಮ್ಮಗಳ ಮನೇಲಿ ಕಂಪ್ಯೂಟರ್ ಇದೆಯಂತೆ. ಅದರಲ್ಲಿ ಮುಖ ಕಾಣುತ್ತಂತೆ, ಬರೆದೂ ತೋರಿಸಬಹುದಂತೆ."

ಮಗಳು ತಾಯಿಯ ಕಡೆ ತಿರುಗುತ್ತಾಳೆ. "ನನಗ್ಯಾಕಮ್ಮ ಹೇಳ್ಲಿಲ್ಲ?"

"ನೀನು ಅಪ್ಪನಿಗೆ ಅಂತ ತರ್ತಿದ್ದೀಯಲ್ಲಾ ಕಂದಾ."

ಆಮೇಲಿನ ಇಪ್ಪತ್ತು ನಿಮಿಷ ಡಬ್ಬದಕ್ಕನದು. ತಾಯಿಯನ್ನು ಕಿಟಕಿ ಪಕ್ಕದ ಮೇಜಿನ ಮುಂದೆ ಕೂರಿಸುತ್ತಾರೆ. ಎಷ್ಟು ದೂರದಿಂದ ಕ್ಯಾಲೆಂಡರಿನ ಅಂಕಿ ಓದಬಲ್ಲರೆಂದು ಕೇಳುತ್ತಾರೆ. ಬೆಳಕು ಬೆನ್ನಿಗೆ ಬಿದ್ದರೆ ಅಕ್ಕನಿಗೆ ಮುಖ ಕಪ್ಪಾಗಿ ಕಾಣುತ್ತದೆಂದು ಮೇಜನ್ನೇ ತಿರುಗಿಸುತ್ತಾರೆ. ಕೊನೆಗೆ ಮಗಳ ಕಡೆ ತಿರುಗುತ್ತಾರೆ.

"ಟೀಚರಮ್ಮಾ, ಈ ಲ್ಯಾಪ್‌ಟಾಪ್ ನಿಮಗೆ ಚೆಂದ, ಇವರಿಗಲ್ಲ. ಪರದೆ ಚಿಕ್ಕದು, ಬಗ್ಗಿ ಬಗ್ಗಿ ಕುತ್ತಿಗೆ ಹಿಡ್ಕೊಳ್ಳುತ್ತೆ. ಆಫೀಸಿನವರು ಮೂರು ವರ್ಷ ಬಳಸಿ ಬಿಟ್ಟ ಕಂಪ್ಯೂಟರ್ ನಮ್ಮಲ್ಲಿದೆ. ಒಳಗೆಲ್ಲ ಶುದ್ಧಿ ಮಾಡಿ, ಹಳೇ ಡಿಸ್ಕ್ ತೆಗೆದು ಚುರುಕಾದ ಹೊಸದು ಹಾಕಿದ್ದಾರೆ, ಒಂದು ವರ್ಷದ ಗ್ಯಾರಂಟಿನೂ ಕೊಡ್ತಾರೆ. ದೊಡ್ಡ ಪರದೆ, ಬೇರೆ ಕೀಬೋರ್ಡು, ವೈರಿನ ಬಾಲ ಇರೋ ಮೌಸು. ಬಾಲ ಇದ್ರೆ ಕಳೆದೂ ಹೋಗಲ್ಲ, ಸೆಲ್ಲೂ ಮುಗಿಯಲ್ಲ. ಮೇಲೊಂದು ಕ್ಯಾಮೆರಾ ಸಿಕ್ಕಿಸಿದ್ರೆ ಆಯ್ತು. ಎಲ್ಲಾ ಸೇರಿ ಇದರ ಅರ್ಧ ಬೆಲೇನೂ ಆಗಲ್ಲ."

"ಹಳೇದು ಕೊಟ್ರೆ ಅಮ್ಮನಿಗೆ ಬೇಜಾರಾಗಲ್ವಾ?" ಮಗಳ ದನಿಯಲ್ಲಿ ಹಿಂಜರಿಕೆ.

"ನಾನೇನು ಹೊಸದಾ?" ಅಂದುಬಿಡುತ್ತಾರೆ ತಾಯಿ. ಅಪ್ಪ ಪೇಪರಿನ ಮರೆಯಲ್ಲಿ ಗೊಳ್ಳೆಂದು ನಗುತ್ತಾರೆ.

ಲ್ಯಾಪ್‌ಟಾಪ್ ಸೀಲು ಒಡೆಯದೆ ಅಂಗಡಿಗೆ ಮರಳುತ್ತದೆ. ಯಜಮಾನರ ಮುಖ ಒಂದು ಗಳಿಗೆ ಹುಳ್ಳಗಾಗುತ್ತದೆ. "ನೀನು ಡ್ರೈವರೋ, ಗಿರಾಕಿ ಕಡೆ ವಕೀಲೆಯೋ?" ಎಂದು ಗೊಣಗುತ್ತಲೇ ಬೇರೆ ಬಿಲ್ ಬರೆಯುತ್ತಾರೆ. ಮೊದಲೆಲ್ಲ ವಯಸ್ಸಾದವರ ಮನೆಗೆ ಹೋದ ಹತ್ತರಲ್ಲಿ ನಾಲ್ಕು ವಾಪಸಾಗುತ್ತಿದ್ದವು. ಈಗ ಹತ್ತರಲ್ಲಿ ಒಂದು ಬಂದರೆ ಹೆಚ್ಚು. ಅದು ಯಜಮಾನರಿಗೂ ಗೊತ್ತು. ಆದರೂ ಗೊಣಗುವ ಹಕ್ಕನ್ನು ಬಿಟ್ಟುಕೊಟ್ಟಿಲ್ಲ.

ಹನ್ನೊಂದೂವರೆಗೆ ಡಬ್ಬದಕ್ಕ ಮತ್ತೆ ಮೂರನೇ ಮಹಡಿ ಹತ್ತುತ್ತಾರೆ, ಈ ಸಲ ಎರಡು ಡಬ್ಬ ಒಂದೊಂದಾಗಿ ಹೊತ್ತು, ಎರಡು ಸುತ್ತು. ಅಕ್ಷರ ದೊಡ್ಡದು ಮಾಡುತ್ತಾರೆ, ಬಾಣ ದೊಡ್ಡದು ಮಾಡುತ್ತಾರೆ. ಪರದೆಯ ಮೇಲೆ ಮೂರೇ ಮೂರು ಚಿತ್ರ ಉಳಿಸಿ ಮಿಕ್ಕಿದ್ದನ್ನೆಲ್ಲ ಒಳಗೆ ತಳ್ಳುತ್ತಾರೆ. ಮಗಳು ಹೇಳಿಕೊಡಲು ಬಗ್ಗಿದರೆ ನಯವಾಗಿ ತಡೆಯುತ್ತಾರೆ. "ಮೌಸ್ ಅವರ ಕೈಲೇ ಇರ್ಲಿ. ನೀವು ಮುಟ್ಟಿದ್ರೆ ನೀವು ಕಲೀತೀರಿ, ಅವರಲ್ಲ."

ದೊಡ್ಡಮ್ಮನ ಮೊಮ್ಮಗಳಿಗೆ ಮಗಳು ಮೊದಲೇ ಫೋನ್ ಮಾಡಿ ಹೇಳಿಟ್ಟಿದ್ದಾಳೆ. ಮೂರನೇ ಪ್ರಯತ್ನಕ್ಕೆ ಕರೆ ತಾಗುತ್ತದೆ. ಪರದೆ ತುಂಬ ಬೆಳ್ಳಿಕೂದಲಿನ ಮುಖವೊಂದು ಮೂಡುತ್ತದೆ. ಅಕ್ಕತಂಗಿಯರು ಒಬ್ಬರಿಗೊಬ್ಬರು ಕೈ ಬೀಸುತ್ತಾರೆ. ಆಮೇಲೆ ತಂಗಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾರೆ: 'ಸಣ್ಣ ಆಗಿದ್ದೀಯ.' ಆ ಕಡೆಯಿಂದ ಊರಿಗೆಲ್ಲ ಕೇಳುವ ದನಿ ಬರುತ್ತದೆ. "ನೀನು ದಪ್ಪ ಆಗಿದ್ದೀಯ ಕಣೇ!" ಅಪ್ಪ ಕುರ್ಚಿ ಎಳೆದುಕೊಂಡು ಹೆಂಡತಿಯ ಪಕ್ಕ ಬಂದು ಕೂರುತ್ತಾರೆ. ಮಗಳು ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಾಳೆ. ಡಬ್ಬದಕ್ಕ ಸದ್ದಿಲ್ಲದೆ ಚಪ್ಪಲಿ ಮೆಟ್ಟುತ್ತಾರೆ.

ಗಾಡಿಯ ಹತ್ತಿರ ಬಂದು ನೀರು ಕುಡಿಯುವಾಗ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಬಾಟಲಿಯ ಮುಚ್ಚಳ ತಿರುಗಿಸುತ್ತ ಹೇಳುತ್ತಾರೆ.

"ಇವನ್ನೆಲ್ಲ ಮಾಡ್ತಾರಲ್ಲ, ಆ ದೊಡ್ಡ ದೊಡ್ಡ ಇಂಜಿನಿಯರುಗಳು, ಅವರಲ್ಲಿ ಒಬ್ಬರು ಒಂದೇ ಒಂದು ದಿನ ನನ್ನ ಗಾಡೀಲಿ ಬರ್ಬೇಕು. ಏನೂ ಹೊರೋದು ಬೇಡ, ನಾನೇ ಹೊರ್ತೀನಿ. ಆರು ಮನೆ ಹತ್ತಿ, ಅಲ್ಲಿರೋ ಅಜ್ಜ ಅಜ್ಜಿಯರ ಕೈ ನೋಡಿದ್ರೆ ಸಾಕು."

ಗಾಡಿಯ ಕಿಕ್ಕರ್ ಒದೆಯುತ್ತಾರೆ. ಎರಡನೇ ಮನೆ ನಾಲ್ಕನೇ ಮಹಡಿಯಲ್ಲಿದೆ.