ಉದ್ದ ತೋಳಿನ ಅಂಗಿ

ಎಪ್ಪತ್ತರ ದಶಕದಲ್ಲಿ, ಮುಂಬೈ ಪಕ್ಕದ ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ನಮ್ಮ ಕಾರ್ಖಾನೆಗೆ ಮೆಷಿನ್ ಕೂರಿಸಲು ಬಂದಿದ್ದ ಜಪಾನಿ ಇಂಜಿನಿಯರ್, ಮೇ ತಿಂಗಳ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ತೊಟ್ಟು ಕ್ಯಾಂಟೀನಿನಲ್ಲಿ ಒಬ್ಬನೇ ಉಣ್ಣುತ್ತಿದ್ದ. ಪಾಪವೆನಿಸಿ ಎದುರು ಕೂತೆ. ನನ್ನ ಕೈಯ ಸುಟ್ಟ ಕಲೆ ತೋರಿಸಿ, ಬಾಯ್ಲರಿನ ಜೊತೆ ಗುದ್ದಾಡಿ ಇಡೀ ಠಾಣೆ ಊರನ್ನು ಉಳಿಸಿದ್ದು ನಾನೇ ಎಂದು ಕೊಚ್ಚಿಕೊಂಡೆ. ನಿಜಕ್ಕೂ ಅದು ಬಜ್ಜಿಯ ಎಣ್ಣೆ.

ಆತ ಮೆಲ್ಲಗೆ ಅಂಗಿಯ ತೋಳು ಮಡಚಿದ. ಮೊಣಕೈವರೆಗೂ ಚರ್ಮ ಗಂಟುಗಂಟಾಗಿತ್ತು.

"ಹಿರೋಶಿಮಾ. ಆಗ ನನಗೆ ಹತ್ತು ವರ್ಷ. ಊರಲ್ಲಿ ಯಾರಿಗೂ ಹೇಳಿಲ್ಲ. ಗೊತ್ತಾದರೆ, ಬಾಂಬಿನ ರೋಗ ಮಕ್ಕಳಿಗೂ ಬರುತ್ತದೆಂದು ಹೆದರಿ ನನ್ನ ಮಗಳನ್ನು ಯಾರೂ ಮದುವೆಯಾಗುವುದಿಲ್ಲ."

"ನಮ್ಮಲ್ಲೂ ಅಷ್ಟೇ ಸಾಹೇಬ್ರೆ, ಹುಡುಗಿಯ ಅಜ್ಜನ ಕೆಮ್ಮನ್ನೂ ವಿಚಾರಿಸ್ತಾರೆ. ಮತ್ತೆ ನನಗ್ಯಾಕೆ ಹೇಳಿದಿರಿ?"

"ನಿಮ್ಮ ಮಾತನ್ನು ಇಲ್ಲಿ ಯಾರೂ ನಂಬುವುದಿಲ್ಲವಂತೆ," ಎಂದು ತೋಳಿನ ಗುಂಡಿ ಹಾಕಿಕೊಂಡ.

ಆತನ ಮಗಳಿಗೆ ಎಂದೋ ಮದುವೆಯಾಗಿರಬಹುದು, ಇನ್ನು ಹೇಳಿದರೆ ತಪ್ಪಿಲ್ಲವೆಂದು ಮೊನ್ನೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಆ ಗುಟ್ಟನ್ನು ಬಾಯಿಬಿಟ್ಟೆ.

"ಮಾವ, ಬಾಯ್ಲರ್ ಕತೆಯೇ ವಾಸಿ," ಎಂದಳು ಸೊಸೆ. ಎಲ್ಲರೂ ನಕ್ಕರು. ಮೆಷಿನ್ನಿನಂತೆ ನನ್ನನ್ನೂ ಆತ ಸರಿಯಾಗಿಯೇ ಅಳೆದಿದ್ದ.